ಟವೆಲ್ ಯಾರ ಕೈಯಲ್ಲಿ

ಡೊಂಬಿವಲಿ ಪೂರ್ವ
೧೮ ನವೆಂಬರ್ ೨೦೨೪

ಶ್ರೀ ಸಿದ್ರಾಮ ಅವರಿಗೆ ನಮಸ್ಕಾರಗಳು.

ನನ್ನ ಹೆಸರು ಪುಂಡರೀಕಾಕ್ಷ. ನಿಮ್ಮ ಮಗಳು ಕಾಂಚನಾ ವಾರಕ್ಕೆ ಮೂರು ದಿನ ತುರ್ಭೆಯಿಂದ ಥಾಣೆಗೆ, ಥಾಣೆಯಿಂದ ಡೊಂಬಿವಲಿಗೆ ಲೋಕಲ್ ರೈಲು ಬದಲಿಸಿಕೊಂಡು ನನ್ನಲ್ಲಿಗೆ ಬಾಕ್ಸಿಂಗ್ ಕಲಿಯಲು ಬರುತ್ತಾಳೆ. ಹತ್ತೊಂಬತ್ತು ತಿಂಗಳಾಯಿತು. ಇದನ್ನು ನಿಮಗೆ ನಾನೇ ಮೊದಲು ಹೇಳುತ್ತಿದ್ದೇನೋ ಎಂಬ ಸಂಶಯ ಮೊನ್ನೆಯಿಂದ ಶುರುವಾಗಿದೆ. ಕಾರಣ, ಈ ಲಕೋಟೆಯಲ್ಲಿರುವ ಫಾರಂ.

ಜನವರಿಯಲ್ಲಿ ಥಾಣೆಯ ಮಾಜಿವಾಡಾ ಹತ್ತಿರದ ಹಾಲ್ ಒಂದರಲ್ಲಿ ಜಿಲ್ಲಾ ಮಟ್ಟದ ಸ್ಪರ್ಧೆ ಉಂಟು. ಹದಿನೆಂಟು ತುಂಬದವರಿಗೆ ತಂದೆಯ ಒಪ್ಪಿಗೆ ಸಹಿ ಬೇಕು. ಕಾಂಚನಾ ಮರುದಿನವೇ ಸಹಿ ಹಾಕಿಸಿಕೊಂಡು ಬಂದಳು. ಇಂಗ್ಲಿಷ್ ಸಹಿ, ಕೆಳಗೊಂದು ಗೀಟು, ಗೀಟಿನ ಕೆಳಗೆ ಎರಡು ಚುಕ್ಕಿ. "ನಮ್ಮ ಪಪ್ಪಾ ಬ್ಯಾಂಕಿನವರ ಜೊತೆ ಜಗಳ ಆಡಿಯಾದರೂ ಕನ್ನಡದಲ್ಲೇ ಸಹಿ ಮಾಡ್ತಾರೆ" ಎಂದು ಹಿಂದೆ ಇವಳೇ ಬರೆದು ತೋರಿಸಿ ಜಂಬ ಕೊಚ್ಚಿಕೊಂಡಿದ್ದಳು. ಕಳ್ಳತನ ಮಾಡಲೂ ಸ್ವಲ್ಪ ನೆನಪಿನ ಶಕ್ತಿ ಬೇಕಲ್ಲ ಮಾರಾಯ್ರೆ.

ರಿಂಗಿನೊಳಗೆ ಅವಳು ಮೋಸ ಮಾಡಿದ್ದನ್ನು ನಾನು ಕಂಡಿಲ್ಲ. ಹೊರಗೆ ಅಭ್ಯಾಸವಾದರೆ ಒಳಗೂ ಬರುತ್ತದೆ. ಅದಕ್ಕಾಗಿ ಫಾರಂ ಅವಳ ಕೈಗೆ ಕೊಡದೆ ಅಂಚೆಯಲ್ಲಿ ಹೊಸದೊಂದನ್ನೂ ಸೇರಿಸಿ ಕಳಿಸಿದ್ದೇನೆ. ನಿಮ್ಮ ಕೈಯಾರೆ ಸಹಿ ಮಾಡಿ ಕಳಿಸಿ. ಫೋನ್ ಮಾಡಬೇಡಿ, ನನಗೆ ಕಿವಿ ಕೇಳುವುದಿಲ್ಲ. ಮೊಬೈಲಿನಲ್ಲಿ ಬರೆಯೋಣವೆಂದರೆ ನನ್ನ ಬೆರಳು ಒಂದು ಅಕ್ಷರ ಒತ್ತಿದರೆ ಮೂರು ಮೂಡುತ್ತವೆ.

ನಮ್ಮ ಶೆಡ್ಡಿನ ಗೋಡೆಯ ಮೇಲೆ ಜಗತ್ತಿನ ಅತಿ ಶ್ರೇಷ್ಠ ಹತ್ತು ಬಾಕ್ಸರುಗಳ ಪಟ್ಟಿ ಬರೆದಿದ್ದೇನೆ. ನಿಮ್ಮ ಮಗಳು ಚಾಕ್‌ಪೀಸ್ ಹಿಡಿದು ಬಂದಾಗಲೆಲ್ಲ ಅದರ ಮೇಲೆ ನನ್ನೊಡನೆ ಜಗಳಕ್ಕೆ ನಿಲ್ಲುತ್ತಾಳೆ. ಅಲಿ ಮೇಲೋ ರಾಬಿನ್ಸನ್ ಮೇಲೋ ಎಂದು. ಇಷ್ಟು ಹಟದ ಹುಡುಗಿಯನ್ನು ನಾನು ಕಂಡಿಲ್ಲ. ಗೆಲ್ಲುತ್ತಾಳೆ.

ಇಂತು,
ಪುಂಡರೀಕಾಕ್ಷ


ತುರ್ಭೆ
೨೪ ನವೆಂಬರ್ ೨೦೨೪

ಪುಂಡರೀಕಾಕ್ಷ ಮಾಸ್ತರ್ರಿಗೆ ಸಿದ್ರಾಮ ಮಾಡುವ ಶರಣು.

ನಿಮ್ಮ ಕಾಗದ ಓದಿ ಕೈಯಾಗಿನ ಚಾ ಹಂಗೇ ತಣ್ಣಗಾತು. ಹತ್ತೊಂಬತ್ತು ತಿಂಗಳು ನನ್ನ ಮಗಳು ಡೊಂಬಿವಲಿಗೆ ಅಕೌಂಟ್ಸ್ ಟ್ಯೂಷನ್‌ಗೆ ಹೊಂಟಾಳ ಅಂತ ತಿಳಿದಿದ್ದೆ. ಒಮ್ಮೆ ಕಣ್ಣಿನ ಕೆಳಗ ಕಪ್ಪಗಾಗಿತ್ತು. ಕೇಳಿದ್ರ, ಲೋಕಲ್‌ನಾಗ ಯಾರದೋ ಮೊಳಕೈ ಬಡೀತು ಅಂದ್ಲು. ಥಾಣೆ ಗರ್ದಿ ನೋಡಿದವ್ರು ನಂಬದೇ ಇರ್ತಾರೇನ್ರಿ?

ಕಳ್ಳ ಸಹಿ ತಿರುಗಿ ಕಳಿಸಿದ್ರಿ. ಇದಕ್ಕ ನಿಮ್ಮ ಮ್ಯಾಲ ಮರ್ಯಾದಿ ಹುಟ್ಟಿತು. ಆದ್ರ ಖರೇ ಸಹಿ ನಾ ಮಾಡಂಗಿಲ್ಲ.

ನಾ ಸಿಂದಗಿ ಕಡೆಯವ. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಮಾರ್ಕೆಟ್ಟಿನಾಗ ಹಮಾಲಿ ಮಾಡತೀನಿ. ಚೀಲಕ್ಕ ಐವತ್ತು ಕಿಲೋ. ನಿಮ್ಮ ಫಾರಂ ನೋಡಿದ್ರ ನನ್ನ ಮಗಳ ತೂಕಾನೂ ಐವತ್ತು ಕಿಲೋ ಅಂತ ಬರದದ. ಅಕಿ ಚೀಲ ಹೊರಬಾರದು, ಫ್ಯಾನಿನ ಕೆಳಗ ಕುಂತು ಬರಿಯೋ ಕೆಲಸ ಮಾಡಬೇಕು ಅಂತ ನಾ ಬೆನ್ನು ಕೊಟ್ಟೀನಿ. ನಾ ಬೆನ್ನು ಕೊಟ್ಟಿದ್ದು ಅಕಿ ತಲಿ ಕೊಡಲಿ ಅಂತ ಅಲ್ಲ.

ಶ್ರೇಷ್ಠ ಹತ್ತು ಮಂದಿ ಅಂದ್ರಿ. ನಮ್ಮ ಕಡೆ ಕುಸ್ತಿ ಪೈಲ್ವಾನ್ರನ್ನ ನಾ ನೋಡೀನಿ. ಬೆನ್ನು ಮಣ್ಣಿಗೆ ಹತ್ತಿದ್ರ ಆಟ ಮುಗೀತು, ಎದ್ದು ಮೈ ಝಾಡಿಸಿ ಮನಿಗೆ ಹೋಗತಾರ. ಯಾರೂ ಯಾರ ತಲಿಗೂ ಗುದ್ದಂಗಿಲ್ಲ. ತಲಿಗೆ ಗುದ್ದಿಸಿಕೊಂಡು ಶ್ರೇಷ್ಠ ಆಗೋದು ಹ್ಯಾಂಗ, ನನಗ ತಿಳಿಸಿ ಹೇಳ್ರಿ. ತಿಳೀತಂದ್ರ ವಿಚಾರ ಮಾಡೋಣು.

ಕಲಿಯೋದು ಬ್ಯಾಡ ಅಂದಿಲ್ಲ. ವ್ಯಾಯಾಮ ಅಂತ ಮಾಡ್ಲಿ, ಬರಲಿ. ಸ್ಪರ್ಧಾಕ್ಕ ಇಳಿಯೋದು ಬ್ಯಾಡ.

ಸಿದ್ರಾಮ


ಡೊಂಬಿವಲಿ ಪೂರ್ವ
೩೦ ನವೆಂಬರ್ ೨೦೨೪

ಸಿದ್ರಾಮ ಅವರಿಗೆ ನಮಸ್ಕಾರ.

ಕೇಳಿದ್ದೀರಿ, ಹೇಳುತ್ತೇನೆ. ಇಂಥ ಪ್ರಶ್ನೆ ಕೇಳುವವರಿಗಾಗಿ ನಾನು ನಲವತ್ತು ವರ್ಷದಿಂದ ಕಾಯುತ್ತಿದ್ದೇನೆ. ನನ್ನ ಮಗಳು ಅನಘ ಇದ್ದಾಳೆ, ಪಟ್ಟಿಯ ಸುದ್ದಿ ಎತ್ತಿದರೆ ಅಡುಗೆಮನೆಗೆ ಎದ್ದು ಹೋಗುತ್ತಾಳೆ.

ಜೋ ಲೂಯಿ ಸುಮಾರು ಹನ್ನೆರಡು ವರ್ಷ ಹೆವಿವೇಟ್ ಪಟ್ಟ ಬಿಟ್ಟುಕೊಡಲಿಲ್ಲ. ಕಸಿಯಲು ಬಂದವರನ್ನು ಇಪ್ಪತ್ತೈದು ಸಲ ಬರಿಗೈಯಲ್ಲಿ ಕಳಿಸಿದ. ಶುಗರ್ ರೇ ರಾಬಿನ್ಸನ್ ಹಿಂದಕ್ಕೆ ಹೆಜ್ಜೆ ಇಡುತ್ತಲೇ ಎದುರಾಳಿಯನ್ನು ಮಲಗಿಸಬಲ್ಲವನಾಗಿದ್ದ. ಹಿಂದೆ ಸರಿಯುವವನ ಕೈಯಲ್ಲಿ ಅಷ್ಟು ಬಲ ಎಲ್ಲಿಂದ ಬಂತೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ನನ್ನ ಪಟ್ಟಿಯಲ್ಲಿ ಅವನೇ ಒಂದನೆಯವ. ಕಾಂಚನಾ ಅಲಿ ಎನ್ನುತ್ತಾಳೆ. ಅಲಿಯ ಕಾಲು ನನಗೂ ಇಷ್ಟ, ಆದರೆ ಕೈ ಕೆಳಗೆ ಬಿಟ್ಟುಕೊಂಡು ಆಡುವುದನ್ನು ಮಕ್ಕಳಿಗೆ ಕಲಿಸಲಾದೀತೇ? ಆಮೇಲೆ ಡುರಾನ್, ನಾಲ್ಕು ತೂಕದ ವರ್ಗಗಳಲ್ಲಿ ಪಟ್ಟ ಗೆದ್ದವ. ನಮ್ಮ ಮೇರಿ ಕೋಮ್, ಆರು ಸಲ ವಿಶ್ವ ಚಾಂಪಿಯನ್, ಅವಳಿ ಮಕ್ಕಳನ್ನು ಹೆತ್ತು ಮತ್ತೆ ರಿಂಗಿಗೆ ಇಳಿದವರು. ಮಗಳು ಬಾಕ್ಸಿಂಗ್ ಮಾಡುತ್ತಾಳೆಂದು ಅವರ ತಂದೆಗೂ ಪೇಪರಿನ ಫೋಟೋ ನೋಡಿಯೇ ತಿಳಿಯಿತಂತೆ. ನಿಮಗೆ ಅಂಚೆಯವನಿಂದ ತಿಳಿಯಿತು, ಅಷ್ಟೇ ವ್ಯತ್ಯಾಸ.

ಗುದ್ದಿಸಿಕೊಂಡು ಯಾರೂ ಶ್ರೇಷ್ಠರಾಗುವುದಿಲ್ಲ ಸಿದ್ರಾಮರೇ. ತಪ್ಪಿಸಿಕೊಂಡು ಆಗುತ್ತಾರೆ. ನಿಮ್ಮ ಮಗಳಿಗೆ ತಪ್ಪಿಸಿಕೊಳ್ಳುವುದು ಬರುತ್ತದೆ. ಹತ್ತೊಂಬತ್ತು ತಿಂಗಳು ನಿಮ್ಮಿಂದ ತಪ್ಪಿಸಿಕೊಂಡಿದ್ದೇ ಅದಕ್ಕೆ ಸಾಕ್ಷಿ.

ಜನವರಿ ೧೮ರಂದು ತೂಕ ನೋಡುತ್ತಾರೆ. ಹೆಸರು ಮಾತ್ರ ಕಳಿಸಿದ್ದೇನೆ. ನಿಮ್ಮ ಸಹಿಯ ಫಾರಂ ಆ ದಿನ ಕೈಯಲ್ಲಿದ್ದರೆ ಸಾಕು, ಇಲ್ಲದಿದ್ದರೆ ಬಾಗಿಲಿನಿಂದಲೇ ವಾಪಸ್ ಕಳಿಸುತ್ತಾರೆ.

ಪುಂಡರೀಕಾಕ್ಷ


ತುರ್ಭೆ
೮ ಡಿಸೆಂಬರ್ ೨೦೨೪

ಮಾಸ್ತರ್ರಿಗೆ ಶರಣು.

ನಿಮ್ಮ ಕಾಗದ ಚಲೋ ಇತ್ತು. ಕಥಿ ಹೇಳಿದ್ರಿ, ಆದ್ರ ಅರ್ಧಾ ಹೇಳಿದ್ರಿ. ಉಳಿದ ಅರ್ಧಾ ನಾ ನಿಮ್ಮ ಶಿಷ್ಯಾಳ ಕೈಲೇ ಮೊಬೈಲ್‌ನಾಗ ಓದಿಸೀನಿ. ಐತವಾರ ಮಧ್ಯಾಹ್ನ ಮುಂದ ಕುಂಡ್ರಿಸಿಕೊಂಡು, ಒಬ್ಬೊಬ್ಬರ ಕಡೀ ದಿನ ಹ್ಯಾಂಗಿತ್ತು ಓದು ಅಂದೆ.

ಜೋ ಲೂಯಿ ಕಡೀಕ ಒಂದು ಜೂಜಿನ ಹೋಟೆಲ್ಲಿನಾಗ ಬಂದವರ ಕೈಕುಲುಕೋ ಕೆಲಸಕ್ಕ ನಿಂತನಂತ, ಆಮೇಲೆ ಗಾಲಿ ಕುರ್ಚಿ. ನಿಮ್ಮ ಒಂದನೇ ನಂಬರಿನ ರಾಬಿನ್ಸನ್‌ಗ ಮರವಿನ ಬ್ಯಾನಿ. ಅಲಿ ಎಲ್ಲಾರಕಿಂತ ಹೆಚ್ಚು ಮಾತಾಡಿದವ. ಅಂವನ ಕೈ ನಡುಗಾಕ ಹತ್ತಿದ್ವು, ಮಾತು ಸತ್ತು ಹೋತು. ಡುರಾನ್ ಒಮ್ಮೆ ಆಟದ ನಡುವ "ಸಾಕು" ಅಂದನಂತ, ಅದನ್ನ ಮಂದಿ ಇವತ್ತಿಗೂ ಎತ್ತಿ ಆಡತಾರ. ಸಾಕು ಅಂದವನ್ನ ನೋಡಿ ನಗತಾರ, ಸಾಕು ಅನ್ನದವ ನಡುಗತಾನ. ಇದೆಂಥಾ ಆಟರಿ ಇದು?

ಮೇರಿ ಕೋಮ್ ಬಾಯಿಯವರು ಚಲೋ ಅದಾರ, ಒಪ್ಪತೀನಿ. ಹತ್ತರಾಗ ಒಬ್ಬಾಕಿ. ಹತ್ತು ಚೀಲದಾಗ ಒಂದು ಚೀಲ ಚಲೋ ಇದ್ರ ವ್ಯಾಪಾರಿ ಮಾಲು ತೊಗೊಳಂಗಿಲ್ಲ.

ಓದೂ ಮುಂದ ಕಾಂಚನಾನ ದನಿ ಸಣ್ಣಗಾಕ್ಕೋತ ಬಂತು. ಕಡೀಕ "ಪಪ್ಪಾ, ಬಸ್ ಝಾಲಂ" ಅಂದ್ಲು, ಸಾಕಾತು ಅಂತ. ಈ ಹುಡುಗಿ ಖುಷಿಯೊಳಗ ಕನ್ನಡ, ಸಿಟ್ಟಿನಾಗ ಹಿಂದಿ, ಸಂಕಟ ಬಂದ್ರ ಮರಾಠಿ.

ಈಗ ನಿಮ್ಮನ್ನ ಒಂದು ಕೇಳತೀನಿ. ನೀವೂ ಬಾಕ್ಸರ್ ಇದ್ರಿ ಅಂತ ಕಾಂಚನಾ ಹೇಳಿದ್ಲು. ನಿಮ್ಮ ಕಿವಿಗೆ ಏನಾಗ್ಯದ?

ಸಿದ್ರಾಮ


ಡೊಂಬಿವಲಿ ಪೂರ್ವ
೧೫ ಡಿಸೆಂಬರ್ ೨೦೨೪

ಸಿದ್ರಾಮ ಅವರಿಗೆ ನಮಸ್ಕಾರ.

ನನಗೆ ಅರವತ್ತೊಂಬತ್ತು. ಈ ವಯಸ್ಸಿಗೆ ಕಿವಿ ಹೋಗುವುದು ದೊಡ್ಡ ಸಂಗತಿಯಲ್ಲ. ನಮ್ಮ ಬಿಲ್ಡಿಂಗಿನಲ್ಲಿ ಬಾಕ್ಸಿಂಗ್ ನೋಡದವರಿಗೂ ಕೇಳುವುದಿಲ್ಲ.

ಅಲಿಯ ಕಾಯಿಲೆಯ ಬಗ್ಗೆ ಡಾಕ್ಟರುಗಳಲ್ಲೇ ಒಮ್ಮತವಿಲ್ಲ. ಅವರೆಲ್ಲ ದುಡ್ಡಿಗಾಗಿ ಹದಿನೈದು ಸುತ್ತು ಆಡುತ್ತಿದ್ದವರು. ಇಲ್ಲಿ ಮೂರೇ ಸುತ್ತು, ತಲೆಗೆ ಗಾರ್ಡ್ ಉಂಟು, ರಿಂಗಿನ ಪಕ್ಕದಲ್ಲಿ ಡಾಕ್ಟರು ಇರುತ್ತಾರೆ. ಒಬ್ಬನ ಕೊನೆಯ ದಿನ ನೋಡಿ ಅವನ ಆಟ ಅಳೆಯುವುದಾದರೆ ಜಗತ್ತಿನಲ್ಲಿ ಯಾರೂ ಶ್ರೇಷ್ಠರಲ್ಲ. ಎಲ್ಲರ ಕೊನೆಯ ದಿನವೂ ಒಂದೇ.

ವಾದ ಸಾಕು, ಒಂದು ಸಂತೋಷದ ಸುದ್ದಿ. ಕಾಂಚನಾಳಿಗೆ ಮೊದಲ ಸುತ್ತಿನಲ್ಲೇ ಬಾಯ್ ಸಿಕ್ಕಿದೆ. ಇದು ಎಲ್ಲರಿಗೂ ಸಿಗುವುದಿಲ್ಲ, ಅದೃಷ್ಟ ಬೇಕು. ಹೇಳಿದಾಗ ಅವಳು ಶೆಡ್ಡಿನಲ್ಲೆಲ್ಲ ಕುಣಿದಳು. ಇನ್ನು ಸುಸ್ತು ಮಾಡಿಕೊಳ್ಳದೆ ನೇರವಾಗಿ ಮುಂದಿನ ಹಂತಕ್ಕೆ ಹೋಗಬಹುದು. ಮನೆಯ ಹಿರಿಯರಾದ ನೀವು ಸಹಿ ಒಂದು ಹಾಕಿಬಿಟ್ಟರೆ ಎಲ್ಲ ಸುಸೂತ್ರ. ನಿಮ್ಮ ಮನೆಯವರಿಗೂ ತಿಳಿಸಿ, ಸಿಹಿ ತಿನ್ನಿ.

ಪುಂಡರೀಕಾಕ್ಷ


ತುರ್ಭೆ
೧೯ ಡಿಸೆಂಬರ್ ೨೦೨೪

ಮಾಸ್ತರ,

ಶರಣು ಗಿರಣು ಬರಿಯಂಗಿಲ್ಲ ಇವತ್ತು.

ಯಾವ ಬಾಯ್? ಯಾವ ಊರವ? ಯಾರ ಮನಿ ಮಗ? ಹದಿನೇಳು ವರ್ಷದ ಹುಡುಗಿಗೆ ಬಾಯ್ ಸಿಕ್ಕಾನ ಅಂತ ಗುರು ಅನ್ನಿಸಿಕೊಂಡವ್ರು ತಾವೇ ಕಾಗದ ಬರದು, ಸಿಹಿ ತಿನ್ರಿ ಅಂತೀರಿ? ಮ್ಯಾಲ "ಮೊದಲ ಸುತ್ತಿನಲ್ಲೇ" ಅಂತ ಬ್ಯಾರೆ! ಅಂದ್ರ ಇನ್ನೂ ಎಷ್ಟು ಸುತ್ತು ನೋಡಾವ್ರಿದ್ರಿ? ಅದಕ್ಕ ನನ್ನ ಸಹೀನೂ ಬೇಕಂತ!

ಟ್ಯೂಷನ್ ಅಂತ ಅಂದ್ಲು, ಬಾಕ್ಸಿಂಗ್ ಹೊಂಟಿತು. ಬಾಕ್ಸಿಂಗ್ ಅಂದ್ರಿ, ಒಳಗ ಇದು ಹೊಂಟದ. ಓದಿದ ಕೂಡಲೇ ಅಕಿ ಬಾಕ್ಸಿಂಗ್ ಸಾಮಾನಿನ ಚೀಲ ಕಪಾಟಿನಾಗ ಇಟ್ಟು ಕೀಲಿ ಹಾಕೀನಿ. ಅಕಿಗೆ ಏನೂ ಕೇಳಿಲ್ಲ, ಕೇಳಿದ್ರ ನಾ ಏನು ಮಾಡತೀನೋ ನನಗೇ ಗೊತ್ತಿಲ್ಲ. ಇನ್ನ ಮ್ಯಾಲ ಡೊಂಬಿವಲಿಗೆ ಬರಂಗಿಲ್ಲ.

ಸಿದ್ರಾಮ


ಡೊಂಬಿವಲಿ ಪೂರ್ವ
೨೩ ಡಿಸೆಂಬರ್ ೨೦೨೪

ಸಿದ್ರಾಮರೇ, ಮಾರಾಯ್ರೆ, ತಪ್ಪಾಯಿತು!

ಯಾವ ಹುಡುಗನೂ ಇಲ್ಲ. ಆಡುವವರ ಸಂಖ್ಯೆ ಜೋಡಿಗೆ ಸರಿಹೊಂದದಿದ್ದಾಗ ಚೀಟಿ ಎತ್ತಿ ಕೆಲವರನ್ನು ಮೊದಲ ಸುತ್ತು ಆಡಿಸದೆ ಎರಡನೆಯದಕ್ಕೆ ಕಳಿಸುತ್ತಾರೆ. ಅದಕ್ಕೆ ಇಂಗ್ಲಿಷಿನಲ್ಲಿ ಟಾಟಾ ಬೈ ಬೈ ಅನ್ನುವ ಅದೇ ಶಬ್ದ. ಊರ ಕಡೆ ಕನ್ನಡ ಪೇಪರಿನಲ್ಲಿ "ಬೈ" ಎಂದೇ ಬರೆಯುತ್ತಾರೆ. ನಾನು ಐವತ್ತು ವರ್ಷದಿಂದ ಇಲ್ಲಿಯ ಮರಾಠಿ ಪೇಪರಿನಲ್ಲಿ ಸ್ಪೋರ್ಟ್ಸ್ ಪುಟ ಓದಿದವ. ಅದರಲ್ಲಿ "ಬಾಯ್" ಎಂದು ಬರುತ್ತದೆ, ನನ್ನ ಕೈಯಲ್ಲೂ ಹಾಗೇ ಬಂತು. ಅದು ಕನ್ನಡದಲ್ಲಿ ಹುಡುಗನಾಗಿಬಿಡುತ್ತದೆ ಎಂದು ಹೊಳೆಯಲೇ ಇಲ್ಲ.

ಯಾರಿಗೆ ಯಾರು ಎದುರು ಎಂದು ಬರೆದ ಡ್ರಾ ಕಾಗದದ ನಕಲು ಇಟ್ಟಿದ್ದೇನೆ. ಕಾಂಚನಾಳ ಹೆಸರಿನ ಎದುರಿಗೆ ಇರುವ ಖಾಲಿ ಗೀಟೇ ಆ ಬಾಯ್. ಅವಳ ಮೇಲೆ ಕೋಪ ಬೇಡ, ಕಳಿಸಿಕೊಡಿ. ಇನ್ನು ಇಪ್ಪತ್ತಾರು ದಿನ ಮಾತ್ರ ಉಳಿದಿದೆ.

ಪುಂಡರೀಕಾಕ್ಷ


ತುರ್ಭೆ
೨೯ ಡಿಸೆಂಬರ್ ೨೦೨೪

ಮಾಸ್ತರ್ರಿಗೆ ಶರಣು.

ನಿಮ್ಮ ಖಾಲಿ ಗೀಟು ನೋಡಿದೆ. ನನ್ನ ಹೆಂಡತಿ ದ್ರೌಪದಿ ಎರಡು ದಿನದಿಂದ ನಗಾಕತ್ತಾಳ. ರೊಟ್ಟಿ ಬಡಿಯೂ ಮುಂದ ನಗತಾಳ, ನೀರು ತುಂಬೂ ಮುಂದ ನಗತಾಳ. "ಅಳಿಯಂದ್ರು ಬಂದ್ರು" ಅಂತ ಆ ಕಾಗದ ಗ್ವಾಡಿಗೆ ಹಚ್ಯಾಳ. ನಾ ಬರದ ಮಾತು ತಿರುಗಿ ತೊಗೊಂಡೆ, ಮನಸಿನಾಗ ಇಟಗೋಬ್ಯಾಡ್ರಿ.

ಆದ್ರ ಕಪಾಟಿನ ಕೀಲಿ ತೆಗೆದಿಲ್ಲ. ಯಾಕಂದ್ರ ನೀವು ಕಿವೀದ ಮಾತು ನುಂಗೀರಿ. ನಾ ಕಿವೀದು ಕೇಳಿದ್ರ ನೀವು ವಯಸ್ಸು ಹೇಳಿ, ಬಿಲ್ಡಿಂಗ್ ಹೇಳಿ, ಬಾಯ್ ಹೇಳಿ ದಾಟಿಸಿದ್ರಿ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡಂಗಾತು. ನಿಮ್ಮ ಅಕ್ಷರಾನೂ ನೋಡತೀನಿ ನಾ. ಮೊದಲನೇ ಕಾಗದಕ್ಕೂ ಇದಕ್ಕೂ ಭಾಳ ಫರಕ್ ಅದ. ನಡುಗತಾವು.

ನನಗ ಖರೇ ಬೇಕು. ಸಹಿ ಆಮೇಲಿನ ಮಾತು.

ಸಿದ್ರಾಮ


ಡೊಂಬಿವಲಿ ಪೂರ್ವ
೩ ಜನವರಿ ೨೦೨೫

ಸಿದ್ರಾಮರೇ,

ಈ ಕಾಗದ ನಾಲ್ಕು ಸಲ ಹರಿದು ಬರೆಯುತ್ತಿದ್ದೇನೆ.

೧೯೮೩ರಲ್ಲಿ ನಾನು ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದೆ. ಒಂದು ಟೂರ್ನಮೆಂಟಿನ ಸೆಮಿಫೈನಲ್‌ನಲ್ಲಿ ಎಡಗಿವಿಯ ಮೇಲೆ ಒಂದು ಏಟು ಬಿತ್ತು. ನಾನು ಬೀಳಲಿಲ್ಲ. ಬಿದ್ದಿದ್ದರೆ ಒಳ್ಳೆಯದಿತ್ತು. ಕಿವಿಯಲ್ಲಿ ರಕ್ತ ಬರುತ್ತಿದ್ದರೂ ಒರೆಸಿಕೊಂಡು ಮರುದಿನ ಫೈನಲ್ ಆಡಿದೆ, ಗೆದ್ದೆ. ಆ ಕಿವಿಗೆ ಆಮೇಲೆ ಏನೂ ಕೇಳಲಿಲ್ಲ. ಆಮೇಲೂ ಆರು ವರ್ಷ ಆಡಿದೆ. ಬಲಗಿವಿ ಹತ್ತು ವರ್ಷದ ಹಿಂದೆ ಹೋಯಿತು, ಅದು ವಯಸ್ಸಿನದೇ ಇರಬಹುದು, ಇಲ್ಲದೆಯೂ ಇರಬಹುದು. ಕೈ ನಡುಗುವುದು ಹೋದ ವರ್ಷದಿಂದ. ಕೆಲವು ಬೆಳಿಗ್ಗೆ ಅನಘಳ ಹೆಸರು ಬಾಯಿಗೆ ಬರುವುದಿಲ್ಲ, ಅದು ನೆನಪಾಗುವವರೆಗೆ ಪೇಪರ್ ಮುಖಕ್ಕೆ ಹಿಡಿದು ಕೂತಿರುತ್ತೇನೆ. ಅವಳಿಗಾಗಲಿ ಕಾಂಚನಾಳಿಗಾಗಲಿ ಇದು ಗೊತ್ತಿಲ್ಲ. ಇದನ್ನು ಬರೆದು ಹೇಳುತ್ತಿರುವುದು ನಿಮಗೊಬ್ಬರಿಗೇ.

ರಾಬಿನ್ಸನ್‌ನನ್ನು ಒಂದನೆಯ ಸ್ಥಾನದಿಂದ ಇಳಿಸಲು ನನಗೆ ಮನಸ್ಸಾಗದಿರುವುದು ಅವನ ಕೈಯ ಬಲಕ್ಕಾಗಿಯೋ, ಅವನಿಗೂ ಮರೆವು ಬಂದಿತ್ತು ಎಂಬುದಕ್ಕಾಗಿಯೋ, ಈಗ ನನಗೇ ಗೊತ್ತಾಗುತ್ತಿಲ್ಲ.

ರಿಂಗಿನ ನನ್ನ ಮೂಲೆಯಲ್ಲಿ ಅವತ್ತು ನಿಂತಿದ್ದ ಕೋಚ್ ಮುಂತಾದವರಿಗೆ ರಕ್ತ ಕಂಡಿತ್ತು. ಟ್ರೋಫಿ ಬೇಕಿತ್ತು, ಸುಮ್ಮನಿದ್ದರು. ನನಗೂ ಬೇಕಿತ್ತು. ನಾನು ಕಲಿಸುವ ಯಾವ ಹುಡುಗಿಗೂ ಆ ಗತಿ ಬರಬಾರದೆಂದೇ ಶೆಡ್ಡಿನಲ್ಲಿ ಒಂದು ವರ್ಷದವರೆಗೆ ತಲೆಗೆ ಹೊಡೆಯುವ ಆಟ ಆಡಿಸುವುದಿಲ್ಲ. ಆದರೂ ಏನೂ ಆಗುವುದಿಲ್ಲವೆಂದು ನಾನು ಬರೆದುಕೊಡಲಾರೆ. ಕಾಂಚನಾಳ ಕಣ್ಣು ಕಪ್ಪಾಗಿದ್ದು ನನ್ನ ಶೆಡ್ಡಿನಲ್ಲೇ.

ಸಹಿ ಮಾಡದಿದ್ದರೆ ನಿಮ್ಮನ್ನು ದೂರುವುದಿಲ್ಲ. ಅವಳು ಬರದೆ ಹದಿನೈದು ದಿನವಾಯಿತು. ನನಗೆ ಬೇಜಾರಾಗಿದೆ, ಬಹಳ ಬೇಜಾರಾಗಿದೆ.

ಪುಂಡರೀಕಾಕ್ಷ


ತುರ್ಭೆ
೯ ಜನವರಿ ೨೦೨೫

ಮಾಸ್ತರ್ರಿಗೆ ಸಿದ್ರಾಮ ಮಾಡುವ ಶರಣು ಶರಣಾರ್ಥಿ.

ನಿಮ್ಮ ಕಾಗದ ಯಾರಿಗೂ ತೋರಿಸಿಲ್ಲ. ತೋರಿಸಂಗೂ ಇಲ್ಲ. ನೀವು ಒಂದು ಕೊಟ್ರಿ, ನಾ ಒಂದು ಕೊಡತೀನಿ. ಸಪ್ಟೆಂಬರದಾಗ ಡಾಕ್ಟರ್ ನನ್ನ ಕುತ್ತಿಗಿ ಫೋಟೋ ತೆಗೆದು, ಎಲುಬು ಸವದಾವ, ಚೀಲ ಬಿಡು ಅಂದಾರ. ದ್ರೌಪದಿಗೆ ಹೇಳಿಲ್ಲ. ಬಲಗೈ ಬೆರಳು ಜೋಮು ಹಿಡೀತಾವು. ನಾನೂ ಪೇಪರ್ ಮುಖಕ್ಕ ಹಿಡಿದವನೇ.

ಕೀಲಿ ಹಾಕಿದ್ರ ಕಾಂಚನಾ ಅಳಲಿಲ್ಲ, ಜಗಳಾನೂ ತೆಗೀಲಿಲ್ಲ. ಮೊನ್ನೆ ಬೆಳಿಗ್ಗೆ ಮಾರ್ಕೆಟ್ಟಿಗೆ ಬಂದು, ನಾ ಟ್ರಕ್ಕಿನಿಂದ ಚೀಲ ಇಳಿಸೋದು ನೋಡಿಕೋತ ಒಂದು ತಾಸು ನಿಂತ್ಲು. ಮನಿಗೆ ಹೋಗು ಅಂದೆ. ಅಕಿ ಮರಾಠಿಯೊಳಗ ಕೇಳಿದ್ಲು, "ಪಪ್ಪಾ, ನಿಮ್ಮ ಈ ಕೆಲಸಕ್ಕ ಯಾರ ಸಹಿ ತೊಗೊಂಡಿದ್ರಿ?" ಅವತ್ತು ಸಂಜಿಗೆ ಕೀಲಿ ತೆಗೆದೆ, ನಾಳೆಯಿಂದ ಅಕಿ ಬರತಾಳ.

ಈಗ ನಿಮ್ಮ ಪಟ್ಟಿಗೆ ಬರೋಣು. ಅಕಿ ಕೈಲೇ ಮತ್ತ ಓದಿಸಿದೆ. ಮನಿಲಾದಾಗ ಅಲಿಗೂ ಫ್ರೇಜಿಯರ್‌ಗೂ ದೊಡ್ಡ ಪಂದ್ಯ ಆಗಿತ್ತಂತ. ಹದಿನಾಕು ಸುತ್ತು ಮುಗಿದಾಗ ಫ್ರೇಜಿಯರ್‌ನ ಕಣ್ಣು ಮುಚ್ಚಿದ್ವು. ಅಂವ ಬ್ಯಾಡ ಬ್ಯಾಡ ಅಂದ್ರೂ ಅಂವನ ಮಾಸ್ತರ, ಎಡ್ಡಿ ಫಚ್ ಅಂತ, ಸಾಕು ಅಂದು ಆಟ ನಿಲ್ಲಿಸಿದ. ಇನ್ನೊಂದೇ ಸುತ್ತು ಉಳಿದಿತ್ತು. ಸೋತ್ರೂ ಸೋಲಲಿ, ಹುಡುಗ ಮನಿಗೆ ಹೋಗಲಿ ಅಂದ. ನಿಮ್ಮ ಗ್ವಾಡಿ ಮ್ಯಾಲ ಈ ಹೆಸರು ಯಾಕಿಲ್ಲ? ನನ್ನ ಕೇಳಿದ್ರ ಹತ್ತೂ ಮಂದಿಗಿಂತ ಅಂವನೇ ಶ್ರೇಷ್ಠ. ನಿಮಗ ೧೯೮೩ರಾಗ ಅಂಥಾ ಒಬ್ಬಾವ ಬೇಕಾಗಿದ್ದ. ನನಗೂ ಬೇಕಾಗಿದ್ದ, ಮಾರ್ಕೆಟ್ಟಿನಾಗ ಸಿಗಲಿಲ್ಲ.

ಅದಕ್ಕ ನನ್ನದೊಂದು ಕರಾರು. ಸೋಲು ಒಪ್ಪಿ ಟವೆಲ್ ಒಗಿಯೋದು ಅಂತ ಅದ ಅಲ್ಲ, ಆ ಟವೆಲ್ ನನ್ನ ಕೈಯಾಗ ಇರಬೇಕು. ಒಪ್ಪಿದ್ರ ಸಹಿ.

ಸಿದ್ರಾಮ


ಡೊಂಬಿವಲಿ ಪೂರ್ವ
೧೨ ಜನವರಿ ೨೦೨೫

ಸಿದ್ರಾಮ ಅವರಿಗೆ ನಮಸ್ಕಾರ.

ಫಚ್‌ನ ಹೆಸರನ್ನು ಪಟ್ಟಿಯ ಕೆಳಗೆ ಬರೆದಿದ್ದೇನೆ. ನಂಬರ್ ಕೊಟ್ಟಿಲ್ಲ, ಆತ ಪಟ್ಟ ಗೆದ್ದವನಲ್ಲ. ಕಾಂಚನಾ ಬಂದವಳೇ ನೋಡಿ, ಅದರ ಸುತ್ತ ಚೌಕ ಎಳೆದಿದ್ದಾಳೆ. ನಾನು ಅಳಿಸಿಲ್ಲ.

ಟವೆಲ್ಲಿನ ವಿಷಯ. ಮೂಲೆಯಲ್ಲಿ ನಿಲ್ಲಲು ರಿಜಿಸ್ಟರ್ ಆದ ಕೋಚ್‌ಗೆ ಮಾತ್ರ ಅವಕಾಶ, ತಂದೆಯನ್ನು ಬಿಡುವುದಿಲ್ಲ. ಟವೆಲ್ ನನ್ನ ಕೈಯಲ್ಲೇ ಇರಬೇಕಾಗುತ್ತದೆ. ಆದರೆ ಹಾಕುವ ಅಧಿಕಾರ ನಿಮ್ಮದು. ಮೊದಲ ಎರಡು ಸಾಲು ಅಧಿಕಾರಿಗಳಿಗೆ. ಮೂರನೆಯ ಸಾಲಿನ ತುದಿಯಲ್ಲಿ, ನನ್ನ ಮೂಲೆಗೆ ನೇರವಾಗಿ ನಿಮಗೆ ಕುರ್ಚಿ ಹಿಡಿಸುತ್ತೇನೆ. ಸಾಕು ಅನ್ನಿಸಿದ ಕ್ಷಣ ನೀವು ಎದ್ದು ನಿಲ್ಲಿ. ಕೂಗಿದರೆ ನನಗೆ ಕೇಳುವುದಿಲ್ಲ, ಆದ್ದರಿಂದ ನಿಲ್ಲಲೇಬೇಕು. ನೀವು ನಿಂತದ್ದು ಕಂಡರೆ ಯಾಕೆ ಏನು ಎಂದು ಕೇಳದೆ ಟವೆಲ್ ಎಸೆಯುತ್ತೇನೆ. ಅವಳು ಗೆಲ್ಲುತ್ತಿದ್ದರೂ ಎಸೆಯುತ್ತೇನೆ. ಇದು ನನ್ನ ಮಾತು.

ಪುಂಡರೀಕಾಕ್ಷ


ತುರ್ಭೆ
೧೪ ಜನವರಿ ೨೦೨೫

ಮಾಸ್ತರ್ರಿಗೆ ಶರಣು. ಸಂಕ್ರಾಂತಿ ಎಳ್ಳು ಬೆಲ್ಲ ಕಾಂಚನಾನ ಕೈಯಾಗ ಕಳಿಸೀನಿ, ಫಾರಂನೂ ಅಕಿ ಕೈಯಾಗೇ ಕಳಿಸೀನಿ. ಕನ್ನಡದಾಗ ಸಹಿ ಮಾಡೀನಿ, ತಾಳೆ ಹಾಕಿ ನೋಡಿಕೊಳ್ರಿ.

ಸಿದ್ರಾಮ


ಡೊಂಬಿವಲಿ ಪೂರ್ವ
೨೧ ಜನವರಿ ೨೦೨೫

ಸಿದ್ರಾಮರೇ,

ಮೊನ್ನೆ ಫೈನಲ್ ಮುಗಿದ ಕೂಡಲೇ ನೀವು ಪಾಳಿಗೆ ಹೊರಟು ಹೋದಿರಿ ಎಂದು ಕಾಂಚನಾ ಬರೆದು ತೋರಿಸಿದಳು. ತೂಕದ ದಿನವೂ ಕೈ ಮುಗಿದಿರಿ, ನಾನೂ ಮುಗಿದೆ, ಅಷ್ಟೇ ಆಯಿತು. ಎದುರು ನಿಂತರೆ ನಮ್ಮಿಬ್ಬರಿಗೆ ಮಾತಾಡಲು ಬರುವುದಿಲ್ಲ, ಬರೆಯುವುದೇ ಸರಿ.

ಸೆಮಿಫೈನಲ್ ಅವಳು ಸುಲಭವಾಗಿ ಗೆದ್ದದ್ದು ನೀವೇ ನೋಡಿದ್ದೀರಿ. ಫೈನಲ್‌ನಲ್ಲಿ ಐದು ತೀರ್ಪುಗಾರರಲ್ಲಿ ಮೂವರು ಕಲ್ಯಾಣದ ಹುಡುಗಿಗೆ ಕೊಟ್ಟರು, ಇಬ್ಬರು ನಮ್ಮವಳಿಗೆ. ಸೋಲಿನ ಬಗ್ಗೆ ನನಗೆ ತಕರಾರಿಲ್ಲ. ನನ್ನನ್ನು ಎರಡು ದಿನದಿಂದ ತಿನ್ನುತ್ತಿರುವುದು ಬೇರೆ.

ಎರಡನೆಯ ಸುತ್ತಿನಲ್ಲಿ ಆ ಹುಡುಗಿಯ ಬಲಗೈ ಒಂದರ ಹಿಂದೊಂದು ಎರಡು ಸಲ ನೇರ ಮುಖಕ್ಕೆ ಬಿತ್ತು. ಕಾಂಚನಾಳ ಮೊಣಕಾಲು ಬಗ್ಗಿತು. ರೆಫರಿ ಆಟ ತಡೆದು ಎಣಿಸಲು ಶುರು ಮಾಡಿದ, ಹತ್ತಾದರೆ ಸೋಲು. ನಾನು ಟವೆಲ್ ಎತ್ತಿಕೊಂಡು ನಿಮ್ಮ ಕಡೆ ತಿರುಗಿದೆ. ಇಡೀ ಹಾಲ್ ಎದ್ದು ನಿಂತಿತ್ತು. ಅಧಿಕಾರಿಗಳು, ಅವರ ಹಿಂದಿನವರು, ಕಲ್ಯಾಣದ ಮಂದಿ, ನಮ್ಮ ಮಂದಿ ಎಲ್ಲ. ಎಲ್ಲರೂ ನಿಂತರೆ ನೀವು ನಿಂತಿರೋ ಇಲ್ಲವೋ ತಿಳಿಯುವುದು ಹೇಗೆ? ಇಷ್ಟು ಸಣ್ಣ ವಿಷಯ ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲವಲ್ಲ! ನಿಮ್ಮ ಮುಖಕ್ಕಾಗಿ ಹುಡುಕಿದೆ, ಬರೀ ಹೆಗಲುಗಳು ಕಂಡವು.

ಅವಳ ಕಣ್ಣು ನೋಡಿದೆ. ನೆಟ್ಟಗಿತ್ತು. ರೆಫರಿ ಎಂಟು ಎಣಿಸಿ ಆಡಲು ಬಿಟ್ಟ. ನಾನು ಟವೆಲ್ ಎಸೆಯಲಿಲ್ಲ. ಅವಳು ತಿರುಗಿ ಬಂದು ಮೂರನೆಯ ಸುತ್ತು ಹೇಗೆ ಆಡಿದಳೆಂದು ಹೇಳಬೇಕಾಗಿಲ್ಲ, ಅಷ್ಟು ಚೆನ್ನಾಗಿ ನಾನು ನನ್ನ ಜೀವಮಾನದಲ್ಲಿ ಆಡಿಲ್ಲ. ಆದರೆ ಆ ಕ್ಷಣದಲ್ಲಿ ನೀವು ನಿಂತಿದ್ದರೆ ನಾನು ಮಾತು ತಪ್ಪಿದವ. ೧೯೮೩ರಲ್ಲಿ ನನ್ನ ಮೂಲೆಯಲ್ಲಿದ್ದವರಿಗೂ ನನಗೂ ವ್ಯತ್ಯಾಸವಿಲ್ಲ.

ನಿಂತಿದ್ದಿರೋ? ಇದ್ದದ್ದು ಇದ್ದ ಹಾಗೆ ಬರೆಯಿರಿ. ನಿಂತಿದ್ದೆ ಎಂದರೆ ಶೆಡ್ಡಿಗೆ ಬೀಗ ಹಾಕುತ್ತೇನೆ.

ಪುಂಡರೀಕಾಕ್ಷ


ತುರ್ಭೆ
೨೪ ಜನವರಿ ೨೦೨೫

ಮಾಸ್ತರ್ರಿಗೆ ಸಿದ್ರಾಮ ಮಾಡುವ ಶರಣು ಶರಣಾರ್ಥಿ.

ಕಾಂಚನಾ ಆರಾಮ ಅದಾಳ. ಮೂಗು ಸ್ವಲ್ಪ ಬಾತದ. ಬೆಳ್ಳಿ ಪದಕ ಹಾಕ್ಕೊಂಡೇ ಕಾಲೇಜಿಗೆ ಹೋಗಿದ್ಲು. ದ್ರೌಪದಿಗೆ ನನ್ನ ಕುತ್ತಿಗಿ ಮಾತು ಹೇಳಿದೆ. ಮರುದಿನ ತಾನೇ ಡಾಕ್ಟರ್ ಕಡೆ ಕರಕೊಂಡು ಹೋದ್ಲು. ನೀವೂ ಅನಘಾಗ ಹೇಳ್ರಿ. ಅಕಿ ಅಡಗಿ ಮನಿಗೆ ಎದ್ದು ಹೋದ್ರ ಹಿಂದ ಹೋಗಿ ಹೇಳ್ರಿ.

ಈಗ ನಿಮ್ಮ ಪ್ರಶ್ನೆ.

ಮೊದಲನೇ ಗುದ್ದಿಗೇ ನನ್ನ ಮುಂದಿನ ಮಂದಿ ಎದ್ರು. ಎರಡನೇದು ಬಿದ್ದದ್ದು ನಾ ನೋಡಲಿಲ್ಲ, ಸಪ್ಪಳ ಕೇಳಿದೆ. ಎಡಕ್ಕ ಬಗ್ಗಿದೆ, ಬಲಕ್ಕ ಬಗ್ಗಿದೆ, ಎಲ್ಲಾ ಕಡೆ ಬೆನ್ನು. ಎದ್ರ ಮಗಳು ಕಾಣತಾಳ. ಆದ್ರ ಎದ್ರ ನೀವು ಟವೆಲ್ ಒಗೀತೀರಿ. ನಿಮ್ಮ ಮಾತಿನ ಮ್ಯಾಲ ನನಗ ಅಷ್ಟು ನಂಬಿಕಿ ಇತ್ತು.

ಬಾಜೂದವ "ಕಾಕಾ, ಉಠಾ ನಾ, ಪೋರಗೀ ಪಡಲೀ", ಏಳ್ರಿ, ಹುಡುಗಿ ಬಿದ್ಲು ಅಂತ ನನ್ನ ರಟ್ಟಿ ಹಿಡಿದು ಎಬ್ಬಿಸಾಕ ಬಂದ. ಕೈ ಝಾಡಿಸಿ ಅಂವನ್ನ ದಬ್ಬಿದೆ. ಕುರ್ಚಿಯ ಎರಡೂ ಬದಿ ಗಟ್ಟಿಯಾಗಿ ಹಿಡಿದೆ, ಬೆರಳಿನ ಜೋಮು ಎತ್ತ ಹೋತೋ ಗೊತ್ತಿಲ್ಲ. ರೆಫರಿ ಇಂಗ್ಲಿಷ್‌ನಾಗ ಎಣಿಸಾಕತ್ತಿದ್ದ. ಮೂರು ಅಂದಾಗ ನಿಲ್ಲಬೇಕು ಅನಿಸ್ತು. ಐದು ಅಂದಾಗ, ಅಕಿ ಮಾರ್ಕೆಟ್ಟಿನಾಗ ಒಂದು ತಾಸು ನನ್ನ ನೋಡಿಕೋತ ನಿಂತದ್ದು ನೆನಪಾತು. ಅವತ್ತು ಅಕಿ ನನ್ನ ಚೀಲಕ್ಕ ಕೈ ಹಚ್ಚಲಿಲ್ಲ ಮಾಸ್ತರ. ನೋಡಿದ್ಲು, ಸುಮ್ಮನ ನಿಂತ್ಲು.

ಇಡೀ ಹಾಲಿನಾಗ ಅಕಿಗೆ ಜನ್ಮ ಕೊಟ್ಟಾವ ನಾ ಒಬ್ಬನೇ. ಅಕಿ ಬಿದ್ಲೋ ನಿಂತ್ಲೋ ಕಾಣದವನೂ ನಾ ಒಬ್ಬನೇ. ಮುಂದಿನವನ ಬೆನ್ನು ನೋಡಿಕೋತ ಎಂಟರತನಕ ಕುಂತೇ ಇದ್ದೆ.

ಮುಂದಿನ ಫಾರಂ ಬಂದ ಕೂಡಲೇ ಕಳಿಸ್ರಿ. ಆದ್ರ ಮುಂದಿನ ಸಲ ಅಧಿಕಾರಿಗಳ ಕೈಕಾಲು ಹಿಡಿದಾದ್ರೂ ನನ್ನ ಕುರ್ಚಿ ಮೊದಲನೇ ಸಾಲಿನಾಗ ಹಾಕಸ್ರಿ.

ನಿಮ್ಮ,
ಸಿದ್ರಾಮ